ಫೋನ್ ಹೇಳಿತ್ತು ನಾಲ್ಕಡಿ ಅಲೆ ಅಂತ

ಶನಿವಾರ ಬೆಳಗ್ಗೆ ಐದೂವರೆಗೆ ಫೋನ್ 'ಟಿಂಗ್' ಅಂತು. 'ಹಸಿರು. ಅಲೆ 4 ಅಡಿ, ಗಾಳಿ 5 ನಾಟ್. ಹೊರಡಿ' ಅಂತ ಮೆಸೇಜು. ಅದನ್ನು ಕಳಿಸಿದ್ದು ಮನುಷ್ಯರಲ್ಲ, ನಾನೇ ಒಂದು ವೀಕೆಂಡ್ ಕೂತು ಬರೆದಿದ್ದ ಪುಟ್ಟ ಪ್ರೋಗ್ರಾಂ.

ಹಾಲ್‌ನಲ್ಲಿ ಮಲಗಿದ್ದ ಭಾಮೈದನನ್ನು ಎಬ್ಬಿಸಿದೆ. ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರುವ ಮುಂಚೆ ಮೂರು ವಾರ ಅಕ್ಕನ ಮನೆಯಲ್ಲಿರೋಣ ಅಂತ ಹಾಸನದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ. ಬಂದ ದಿನದಿಂದ ಒಂದೇ ಜಪ, ಸರ್ಫಿಂಗ್ ಕಲಿಸು ಅಂತ.

"ಭಾವ, ಇವತ್ತು ಪಕ್ಕಾನಾ?"

"ಪಕ್ಕಾ ಕಣೋ. ಡೇಟಾನೇ ಹೇಳ್ತಿದೆಯಲ್ಲ."

ಹಾಗೆ ಹೇಳಿದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತೆ. ಇದು ಎರಡು ವರ್ಷದ ಹಿಂದಿನ ನವೆಂಬರ್ ಮಾತು.

ಕಲಿಯುವವರ ಕಡಲು

ನಾವು ಹೊರಟಿದ್ದು ಲಿಂಡಾ ಮಾರ್‌ಗೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಹೈವೇ ಒಂದರಲ್ಲಿ ಬಂದರೆ ಪ್ಯಾಸಿಫಿಕಾ ಅನ್ನೋ ಊರು ಸಿಗುತ್ತೆ. ಅದರ ದಕ್ಷಿಣ ತುದಿಯಲ್ಲಿ ಅರ್ಧಚಂದ್ರದ ಹಾಗೆ ಬಾಗಿದ, ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದದ ಮರಳ ದಂಡೆ. ಸರ್ಕಾರಿ ಹೆಸರು ಪ್ಯಾಸಿಫಿಕಾ ಸ್ಟೇಟ್ ಬೀಚ್. ದಂಡೆಯ ಮೇಲೇ ಒಂದು ಟಾಕೋ ಬೆಲ್ ಇದೆ, ವೆಟ್‌ಸೂಟ್ ಹಾಕಿಕೊಂಡೇ ಹೋಗಿ ಬರಿಟೋ ತಿನ್ನಬಹುದು. ಬೇ ಏರಿಯಾದಲ್ಲಿ ಸರ್ಫಿಂಗ್ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಬರೋದೇ ಇಲ್ಲಿಗೆ.

ಯಾಕೆ ಇಲ್ಲೇ ಅಂದರೆ, ಇದು ಬೀಚ್ ಬ್ರೇಕ್. ಅಂದರೆ ಅಲೆ ಮುರಿಯೋದು ಬಂಡೆಯ ಮೇಲಲ್ಲ, ಮರಳ ದಿಬ್ಬಗಳ ಮೇಲೆ. ಬಿದ್ದರೆ ಮರಳಿಗೆ ಬೀಳ್ತೀವಿ. ದಕ್ಷಿಣಕ್ಕೆ ಪೆಡ್ರೊ ಪಾಯಿಂಟ್ ಅನ್ನೋ ಗುಡ್ಡ ಕಡಲೊಳಗೆ ಚಾಚಿಕೊಂಡಿದೆ. ದಕ್ಷಿಣದ ಗಾಳಿಯನ್ನೂ ಆ ಕಡೆಯ ಅಲೆಗಳನ್ನೂ ಅದು ತಡೆಯುತ್ತೆ. ಹಾಗಾಗಿ ಗುಡ್ಡಕ್ಕೆ ಹತ್ತಿರವಾದಷ್ಟೂ ಅಲೆ ಸಣ್ಣದು, ಉತ್ತರಕ್ಕೆ ನಡೆದಷ್ಟೂ ದೊಡ್ಡದು. ಹೊಸಬರು ದಕ್ಷಿಣ ತುದಿಯಲ್ಲಿ ಬೀಳ್ತಾ ಏಳ್ತಾ ಇರ್ತಾರೆ.

ಇಲ್ಲಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ದಕ್ಷಿಣಕ್ಕೆ ಹೋದರೆ ಮ್ಯಾವರಿಕ್ಸ್. ಚಳಿಗಾಲದಲ್ಲಿ ಮೂರು ನಾಲ್ಕು ಮಹಡಿ ಎತ್ತರದ ಅಲೆ ಏಳುವ, ಜಗತ್ತಿಗೇ ಗೊತ್ತಿರುವ ಜಾಗ. ಒಂದೇ ಬಿರುಗಾಳಿ ಎಬ್ಬಿಸಿದ ಅಲೆಗಳು ಅಲ್ಲಿಗೂ ಬರ್ತವೆ, ಇಲ್ಲಿಗೂ ಬರ್ತವೆ. 'ಕಲಿಯುವವರ ಬೀಚ್' ಅಂತ ಬೋರ್ಡ್ ಹಾಕಿದರೆ ಅದನ್ನು ಓದೋದು ಮನುಷ್ಯರು ಮಾತ್ರ, ಕಡಲಿಗೆ ಓದೋಕೆ ಬರಲ್ಲ.

ಆ ದಿನ ನಡೆದಿದ್ದು

ಏಳು ಗಂಟೆಗೆ ತಲುಪಿದೆವು. ನನ್ನ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ದಂಡೆಯ ಮೇಲೆ ಕೂತಳು. ಕಡಲು ಎಷ್ಟು ಶಾಂತವಾಗಿತ್ತು ಅಂದರೆ, "ಇದೇನ್ ಭಾವ, ಕೆರೆ ಥರ ಇದೆ" ಅಂದ ಭಾಮೈದ. ಹೇಮಾವತಿ ನಾಲೆಯಲ್ಲಿ ಈಜು ಕಲಿತ ಹುಡುಗ. ಎರಡೇ ನಿಮಿಷ ನೋಡಿ ಇಬ್ಬರೂ ಇಳಿದೆವು.

ಮೊದಲ ಇಪ್ಪತ್ತು ನಿಮಿಷ ಮಜವಾಗಿಯೇ ಇತ್ತು. ಸೊಂಟದ ನೀರಲ್ಲಿ ನಿಂತು ಬೋರ್ಡ್ ತಳ್ಳಿದೆ, ಅವನು ಎರಡು ಸಲ ಮಂಡಿಯೂರಿ ದಡದ ತನಕ ಜಾರಿದ.

ಆಮೇಲೆ ದೂರದಲ್ಲಿ ಗೆರೆಯೊಂದು ಕಂಡಿತು. ಅದು ಹತ್ತಿರ ಬಂದ ಹಾಗೆ ಎದ್ದು ನಿಂತು, ನನ್ನ ತಲೆಗಿಂತ ಎಷ್ಟೋ ಮೇಲೆ ಹೋಗಿ ಮುರಿಯಿತು. ವಾಷಿಂಗ್ ಮಷಿನ್ ಒಳಗೆ ಹಾಕಿ ತಿರುಗಿಸಿದ ಹಾಗಾಯ್ತು. ಮೇಲೆ ಬಂದು ಉಸಿರು ತಗೊಳ್ಳುವಷ್ಟರಲ್ಲಿ ಎರಡನೆಯದು, ಅದರ ಹಿಂದೆ ಮೂರನೆಯದು. ಐದು ಅಲೆ ದಾಟಿದ ಮೇಲೆ ಕಣ್ಣು ಒರೆಸಿಕೊಂಡು ನೋಡಿದರೆ ಪಕ್ಕದಲ್ಲಿ ಹುಡುಗ ಇಲ್ಲ.

ಅವನು ನನಗಿಂತ ಐವತ್ತು ಅರವತ್ತು ಮೀಟರ್ ಆಚೆ, ಒಳಗಡಲಿನ ಕಡೆಗಿದ್ದ. ದೊಡ್ಡ ಅಲೆಗೆ ಹೆದರಿ, ಅಲೆಯೇ ಮುರಿಯದ, ಸ್ವಲ್ಪ ಕಪ್ಪಾಗಿ ಕಾಣ್ತಿದ್ದ ಜಾಗಕ್ಕೆ ಸರಿದಿದ್ದ. ಅದೇ ಸೇಫ್ ಅಂದುಕೊಂಡಿದ್ದ. ಅದು ರಿಪ್ ಕರೆಂಟ್. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ವಾಪಸ್ ಕಡಲಿಗೆ ಹೋಗುವ ಕಾಲುವೆ. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಮುರಿಯಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತೆ. ಅವನು ದಡದ ಕಡೆ ಮುಖ ಮಾಡಿ ಜೀವ ಬಿಟ್ಟು ಕೈ ಬಡಿತಿದ್ದ, ಆದರೂ ಹಿಂದಕ್ಕೇ ಹೋಗ್ತಿದ್ದ.

ನಾನು ಕೂಗಿದ್ದು ಅವನಿಗೆ ಕೇಳಲಿಲ್ಲ. ನನಗಿಂತ ಮೊದಲು ಅವನನ್ನು ಮುಟ್ಟಿದ್ದು ಒಬ್ಬ ಮಹಿಳೆ, ಅರವತ್ತರ ಆಸುಪಾಸಿನವರು. ಅವರು ಹೇಳಿದ್ದು ಮೂರೇ ಮಾತಂತೆ: ಬೋರ್ಡ್ ಬಿಡಬೇಡ, ದಡದ ಕಡೆ ಹೋಗೋಕೆ ನೋಡಬೇಡ, ನನ್ನ ಜೊತೆ ಅಡ್ಡಕ್ಕೆ ಬಾ. ದಂಡೆಗೆ ಸಮನಾಗಿ ಮೂವತ್ತು ಮೀಟರ್ ಹೋದ ಮೇಲೆ ಬಿಳಿ ನೊರೆ ಸಿಕ್ಕಿತು. ಆ ನೊರೆಯೇ ಅವನನ್ನು ದಡಕ್ಕೆ ತಳ್ಳಿತು.

ಹೊರಗೆ ಬಂದಾಗ ಅವನ ತುಟಿ ನೀಲಿಯಾಗಿತ್ತು. ಕಾಫಿ ಲೋಟ ಹಿಡಿಯೋಕೆ ಬೆರಳು ಮಾತು ಕೇಳಲಿಲ್ಲ, ಅವಳೇ ಕುಡಿಸಿದಳು. ಮನೆಗೆ ಬರುವ ದಾರಿಯಲ್ಲಿ ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಕಾರು ನಿಲ್ಲಿಸಿದ ಮೇಲೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಅಮ್ಮಂಗೆ ಏನಂತ ಫೋನ್ ಮಾಡ್ಬೇಕಿತ್ತು ನಾನು?"

ಬಗ್ ಎಲ್ಲಿತ್ತು?

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕೋಡ್ ನೋಡಿದೆ. ಅಲೆ ಐದಡಿಗಿಂತ ಕಡಿಮೆ, ಗಾಳಿ ಎಂಟು ನಾಟ್‌ಗಿಂತ ಕಡಿಮೆ ಇದ್ದರೆ ಹಸಿರು. ಇಷ್ಟೇ ಕಂಡೀಶನ್. ನಾಲ್ಕಡಿ ಅನ್ನೋ ಅಂಕಿ ಸುಳ್ಳಾಗಿರಲಿಲ್ಲ. ಅದು ಯಾವುದರ ಅಂಕಿ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ.

ಆ ಅಂಕಿ ಬರ್ತಿದ್ದದ್ದು ಬೂಯಿಯಿಂದ. ಬೂಯಿ ಅಂದರೆ ಕಡಲಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುವ ಉಪಕರಣ. ಅಮೆರಿಕದ ನೋವಾ ಸಂಸ್ಥೆಯ 46026 ನಂಬರಿನ ಬೂಯಿ ಸ್ಯಾನ್ ಫ್ರಾನ್ಸಿಸ್ಕೊದಿಂದ 18 ನಾಟಿಕಲ್ ಮೈಲಿ, ಅಂದರೆ ಸುಮಾರು 33 ಕಿಲೋಮೀಟರ್ ಪಶ್ಚಿಮಕ್ಕಿದೆ. ಅದು ಅಲೆಯ ಎತ್ತರ, ಅವಧಿ, ಗಾಳಿ, ನೀರಿನ ಉಷ್ಣಾಂಶ ಎಲ್ಲವನ್ನೂ ಅಳೆದು ಕಳಿಸುತ್ತೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಆದರೆ ಬೂಯಿ ಹೇಳುವ 'ಅಲೆಯ ಎತ್ತರ' ಅತಿ ದೊಡ್ಡ ಅಲೆಯದಲ್ಲ. ಎಲ್ಲ ಅಲೆಗಳ ಪೈಕಿ ಎತ್ತರದಲ್ಲಿ ಮೇಲಿನ ಮೂರನೇ ಒಂದು ಭಾಗದ ಸರಾಸರಿ. ಈ ಲೆಕ್ಕ ಬಂದಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಸೈನಿಕರನ್ನು ದೋಣಿಯಿಂದ ದಡಕ್ಕೆ ಇಳಿಸಲು ಯಾವ ದಿನ ಆಗುತ್ತೆ ಅಂತ ಮೊದಲೇ ಹೇಳೋಕೆ ಹರಾಲ್ಡ್ ಸ್ವೆರ್ಡ್ರಪ್ ಮತ್ತು ವಾಲ್ಟರ್ ಮಂಕ್ ಅನ್ನೋ ಇಬ್ಬರು ವಿಜ್ಞಾನಿಗಳು ರೂಪಿಸಿದ ವಿಧಾನ ಅದು. ಸರಾಸರಿ ನಾಲ್ಕಡಿ ಅಂದರೆ, ಒಂದೆರಡು ಗಂಟೆಯಲ್ಲಿ ಬರುವ ಅತಿ ದೊಡ್ಡ ಅಲೆ ಅದರ ಎರಡು ಪಟ್ಟಿಗೆ ಹತ್ತಿರ ಹೋಗಬಹುದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನಾನು ಪೀರಿಯಡ್ ನೋಡಿರಲೇ ಇಲ್ಲ.

ಎತ್ತರಕ್ಕಿಂತ ಮೊದಲು ಅವಧಿ

ಒಂದು ಅಲೆಯ ತುದಿ ದಾಟಿ ಮುಂದಿನ ಅಲೆಯ ತುದಿ ಬರೋಕೆ ಎಷ್ಟು ಸೆಕೆಂಡ್ ಬೇಕೋ ಅದೇ ಪೀರಿಯಡ್. ಹತ್ತಿರದ ಗಾಳಿ ಎಬ್ಬಿಸಿದ ಅಲೆಗೆ ಆರರಿಂದ ಒಂಬತ್ತು ಸೆಕೆಂಡ್ ಇರುತ್ತೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ, ಅಲಾಸ್ಕಾ ಕೆಳಗಿನ ಉತ್ತರ ಪೆಸಿಫಿಕ್‌ನಲ್ಲಿ, ದೊಡ್ಡ ಬಿರುಗಾಳಿ ಎದ್ದರೆ ಅಲ್ಲಿಂದ ಬರುವ ಅಲೆಗೆ ಹದಿನಾಲ್ಕು, ಹದಿನೇಳು, ಇಪ್ಪತ್ತು ಸೆಕೆಂಡ್ ಕೂಡ ಇರುತ್ತೆ. ಇದನ್ನು ಸ್ವೆಲ್ ಅಂತಾರೆ.

ಇದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ಆಳದ ನೀರಿನಲ್ಲಿ ಅಲೆಯ ಉದ್ದ ಮೀಟರ್‌ನಲ್ಲಿ ಎಷ್ಟು ಅಂದರೆ, ಪೀರಿಯಡ್‌ನ ವರ್ಗವನ್ನು 1.56ರಿಂದ ಗುಣಿಸಿದಷ್ಟು. 8 ಸೆಕೆಂಡಿನ ಅಲೆ 100 ಮೀಟರ್ ಉದ್ದ, 17 ಸೆಕೆಂಡಿನದು 450 ಮೀಟರ್. ತನ್ನ ಉದ್ದದ ಅರ್ಧದಷ್ಟು ಆಳದಿಂದಲೇ ಅಲೆಗೆ ಕಡಲ ತಳ ತಾಗೋಕೆ ಶುರುವಾಗುತ್ತೆ. ಅಂದರೆ ಮೊದಲನೆಯದು ಮೇಲ್ಪದರದ ಕುಣಿತ, ಎರಡನೆಯದು ಇನ್ನೂರು ಮೀಟರಿಗೂ ಆಳದ ನೀರನ್ನು ಅಲ್ಲಾಡಿಸಿಕೊಂಡು ಬರುವ ದಂಡು. ದಡದ ಹತ್ತಿರ ಬಂದಾಗ ಆ ಶಕ್ತಿಯೆಲ್ಲ ಮೇಲಕ್ಕೇ ಏಳಬೇಕು.

ದಡದಲ್ಲಿ ಮುರಿಯುವಾಗ ಅಲೆ ಎಷ್ಟೆತ್ತರ ಆಗುತ್ತೆ ಅಂತ ಅಂದಾಜು ಮಾಡಲು ಇಂಜಿನಿಯರ್‌ಗಳು ಬಳಸುವ ಸೂತ್ರವೊಂದಿದೆ. ಅದರಲ್ಲಿ ಹಾಕಿ ನೋಡಿದೆ. ನಾಲ್ಕಡಿ, 8 ಸೆಕೆಂಡ್ ಅಂದರೆ ಸುಮಾರು ಐದೂವರೆ ಅಡಿ. ಅದೇ ನಾಲ್ಕಡಿ, 17 ಸೆಕೆಂಡ್ ಅಂದರೆ ಏಳಡಿಗೂ ಮೀರಿ! ಗುಡ್ಡದ ಮರೆಯಲ್ಲಿ ಇದು ಕಡಿಮೆಯಾಗುತ್ತೆ ನಿಜ, ಆದರೆ ನಾವು ಗುಡ್ಡದ ಮರೆ ಬಿಟ್ಟು ಉತ್ತರಕ್ಕೆ ಸರಿದಿದ್ದೆವು. ಹಿಂದಿನ ವಾರ ಇದೇ ನಾಲ್ಕಡಿಗೆ ಆರಾಮಾಗಿ ಆಡಿ ಬಂದಿದ್ದೆ. ಅವತ್ತಿನ ಪೀರಿಯಡ್ 8. ಈ ಶನಿವಾರದ್ದು 17.

ಇನ್ನೊಂದು ವಿಷಯ. ಉದ್ದ ಪೀರಿಯಡ್ಡಿನ ಅಲೆಗಳು ವೇಗವಾಗಿ ಬರ್ತವೆ. 17 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 48 ಕಿಲೋಮೀಟರ್ ಸಾಗಿದರೆ, 8 ಸೆಕೆಂಡಿನದು 22. ಮೂರು ಸಾವಿರ ಕಿಲೋಮೀಟರ್ ದೂರದಿಂದ ಮೊದಲನೆಯದು ಎರಡೂವರೆ ದಿನಕ್ಕೆ ಬಂದರೆ ಎರಡನೆಯದಕ್ಕೆ ಐದೂವರೆ ದಿನ ಬೇಕು. ಹಾಗಾಗಿ ದೊಡ್ಡ ಸ್ವೆಲ್ ಬರುವಾಗ ಮೊದಲು ಬಾಗಿಲು ತಟ್ಟೋದು ಉದ್ದ ಪೀರಿಯಡ್ಡಿನ ಕೆಲವೇ ಅಲೆಗಳು. ಆಗ ಒಟ್ಟು ಎತ್ತರದ ಅಂಕಿ ಇನ್ನೂ ಸಣ್ಣದಾಗಿಯೇ ಇರುತ್ತೆ. ಅವು ಗುಂಪು ಗುಂಪಾಗಿ ಬರ್ತವೆ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ನಿಮಿಷ ಕಡಲು ಕೆರೆಯ ಹಾಗಿರಬಹುದು. ನಾವು ಇಳಿದದ್ದು ಸರಿಯಾಗಿ ಅಂಥ ಗ್ಯಾಪ್‌ನಲ್ಲಿ.

ಇಂಥ ದಿನಗಳಲ್ಲಿ ಇಲ್ಲಿನ ಹವಾಮಾನ ಇಲಾಖೆ ಬೀಚ್ ಎಚ್ಚರಿಕೆ ಹೊರಡಿಸುತ್ತೆ. ನಾನು ಇಲಾಖೆಯ ಪುಟ ನೋಡಿರಲಿಲ್ಲ. ನನ್ನ ಹಸಿರು ಟಿಕ್ ಇತ್ತಲ್ಲ!

ಗಾಳಿ, ಉಬ್ಬರ, ಚಳಿ

ಆಮೇಲೆ ಐದಾರು ತಿಂಗಳು ನೀರಿಗಿಂತ ದಂಡೆಯ ಮೇಲೇ ಹೆಚ್ಚು ಕೂತೆ. ಪ್ರತಿ ವಾರ ಮುನ್ಸೂಚನೆ ಬರೆದುಕೊಂಡು, ಕಣ್ಣಿಗೆ ಕಂಡದ್ದನ್ನು ಪಕ್ಕದಲ್ಲಿ ಬರೆದೆ. ಆ ನೋಟ್‌ಬುಕ್ ಕಲಿಸಿದ್ದು ಇಷ್ಟು.

ಗಾಳಿ: ಇಲ್ಲಿ ದಡ ಪಶ್ಚಿಮಕ್ಕೆ ಮುಖ ಮಾಡಿದೆ. ಪೂರ್ವದಿಂದ, ಅಂದರೆ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸಿದರೆ ಅಲೆಯ ಮುಖ ಇಸ್ತ್ರಿ ಮಾಡಿದ ಹಾಗಿರುತ್ತೆ. ವಾಯವ್ಯದಿಂದ ಜೋರಾಗಿ ಬೀಸಿದರೆ ಎಲ್ಲ ಕಲಕಿ ಹೋಗುತ್ತೆ. ಸಾಮಾನ್ಯವಾಗಿ ಬೆಳಗ್ಗೆ ಶಾಂತ, ಮಧ್ಯಾಹ್ನಕ್ಕೆ ಕಡಲ ಗಾಳಿ ಶುರು. ಸರ್ಫ್ ಮಾಡುವವರು ಬೆಳಗ್ಗೆ ಬೇಗ ಏಳೋದು ಶಿಸ್ತಿಗಲ್ಲ, ಇದಕ್ಕೆ.

ಉಬ್ಬರ ಇಳಿತ: ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಆದರೆ ನಾಲ್ಕೂ ಬೇರೆ ಬೇರೆ ಎತ್ತರ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ವ್ಯತ್ಯಾಸ ಹೆಚ್ಚು. ತುಂಬಾ ಇಳಿದಾಗ ಅಲೆ ಉದ್ದಕ್ಕೂ ಒಂದೇ ಸಲ ದಬ್ ಅಂತ ಬೀಳುತ್ತೆ, ಜಾರೋಕೆ ಜಾಗವೇ ಸಿಗಲ್ಲ. ತುಂಬಾ ಏರಿದಾಗ ಅಲೆ ಮೈಗಳ್ಳನ ಹಾಗೆ ದಡದ ತನಕ ಮುರಿಯೋದೇ ಇಲ್ಲ. ಹೊಸಬರಿಗೆ ನಡುಮಟ್ಟವೇ ಚೆನ್ನ. ಮರಳ ದಿಬ್ಬ ಬಿರುಗಾಳಿಗೊಮ್ಮೆ ಜಾಗ ಬದಲಿಸುತ್ತೆ, ಹಾಗಾಗಿ ಕಳೆದ ತಿಂಗಳ ಜಾಗ ಈ ತಿಂಗಳಿಗೆ ಆಗಬೇಕು ಅಂತಿಲ್ಲ.

ಚಳಿ: ಕ್ಯಾಲಿಫೋರ್ನಿಯಾ ಬೀಚ್ ಅಂದರೆ ಸಿನಿಮಾದ ಬಿಸಿಲು ನೆನಪಾಗುತ್ತೆ. ಇಲ್ಲಿನ ನೀರು ವರ್ಷವಿಡೀ 10ರಿಂದ 15 ಡಿಗ್ರಿ. ವಿಚಿತ್ರ ಏನಂದರೆ ಅತಿ ತಣ್ಣಗಿರೋದು ಚಳಿಗಾಲದಲ್ಲಲ್ಲ, ಏಪ್ರಿಲ್ ಮೇ ಹೊತ್ತಿಗೆ. ವಸಂತದಲ್ಲಿ ವಾಯವ್ಯ ಗಾಳಿ ದಡದುದ್ದಕ್ಕೂ ಬೀಸುತ್ತೆ. ಭೂಮಿ ತಿರುಗುವ ಕಾರಣಕ್ಕೆ ಮೇಲಿನ ನೀರು ಬಲಕ್ಕೆ, ಅಂದರೆ ದಡದಿಂದ ಆಚೆಗೆ ಸರಿಯುತ್ತೆ. ಆ ಜಾಗ ತುಂಬೋಕೆ ಆಳದ ತಣ್ಣೀರು ಮೇಲೆ ಬರುತ್ತೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದೇ ಕ್ರಿಯೆ ನಡೆಯುತ್ತೆ. ಮಂಗಳೂರಿನವರು ತಿನ್ನುವ ಬೂತಾಯಿ ಮೀನಿನ ಸುಗ್ಗಿಗೂ ಅದಕ್ಕೂ ನಂಟಿದೆ.

ಹಾಗಾಗಿ ಇಲ್ಲಿ ಎದೆಗೆ 4 ಮಿಲಿಮೀಟರ್, ಕೈಕಾಲಿಗೆ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಕಾಲಿಗೆ ಬೂಟೀಸ್ ಕಡ್ಡಾಯ ಅಂತಲೇ ಅಂದುಕೊಳ್ಳಿ. ಮೈಗೆ ತಣ್ಣೀರು ಬಡಿದ ತಕ್ಷಣ ಉಸಿರು ತಾನಾಗಿ ಎಳೆದುಕೊಳ್ಳುತ್ತೆ, ಆ ಹೊತ್ತಿಗೆ ತಲೆ ನೀರೊಳಗಿದ್ದರೆ ಕಷ್ಟ. ನಿಧಾನಕ್ಕೆ ತೋಳಿನ ಶಕ್ತಿ ಸೋರಿ ಹೋಗುತ್ತೆ. ಬೆಚ್ಚಗಿನ ಕಡಲಲ್ಲಿ ತಪ್ಪು ಮಾಡಿದರೆ ಸುಧಾರಿಸಿಕೊಳ್ಳೋಕೆ ಟೈಮ್ ಇರುತ್ತೆ. ತಣ್ಣೀರು ಆ ಟೈಮನ್ನು ಕಿತ್ತುಕೊಳ್ಳುತ್ತೆ.

ಮಳೆ: ಬೀಚ್‌ಗೆ ಸ್ಯಾನ್ ಪೆಡ್ರೊ ಅನ್ನೋ ಹೊಳೆ ಬಂದು ಸೇರುತ್ತೆ. ಮಳೆ ಬಂದರೆ ಊರಿನ ಕೊಳೆಯೆಲ್ಲ ಅದರ ಜೊತೆ ಬರುತ್ತೆ. ಮಳೆ ನಿಂತ ಮೇಲೆ ಮೂರು ದಿನ ನೀರಿಗೆ ಇಳಿಯದಿರೋದು ಇಲ್ಲಿನ ರೂಢಿ.

ಈಗ ನಾನು ಮಾಡೋದು

ಪ್ರೋಗ್ರಾಂ ಈಗಲೂ ಇದೆ. ಆದರೆ ಹಸಿರು, ಕೆಂಪು ತೆಗೆದುಹಾಕಿದೆ. ಅಂಕಿಗಳನ್ನಷ್ಟೇ ಕಳಿಸುತ್ತೆ, ಅದರಲ್ಲೂ ಪೀರಿಯಡ್ ಮೊದಲು. ತೀರ್ಮಾನ ನಾನೇ ಮಾಡಬೇಕು.

ಹಿಂದಿನ ರಾತ್ರಿ ಸ್ವೆಲ್ ಎಲ್ಲಿಂದ ಬರ್ತಿದೆ, ಏರ್ತಿದೆಯಾ ಇಳೀತಿದೆಯಾ ಅಂತ ನೋಡ್ತೀನಿ. ಬೆಳಗ್ಗೆ ಬೂಯಿ ನೋಡ್ತೀನಿ. 17 ಸೆಕೆಂಡಿನ ಸ್ವೆಲ್ ಬೂಯಿ ದಾಟಿದ ಮುಕ್ಕಾಲು ಗಂಟೆಯೊಳಗೆ ದಡ ಮುಟ್ಟುತ್ತೆ, ನಾನು ಮನೆಯಿಂದ ಹೊರಟು ತಲುಪುವಷ್ಟೇ ಹೊತ್ತು. ಆಮೇಲೆ ಹವಾಮಾನ ಇಲಾಖೆಯ ಎಚ್ಚರಿಕೆ ಇದೆಯಾ ಅಂತ ನೋಡ್ತೀನಿ. ಹೊಸಬರು ಜೊತೆಗಿದ್ದರೆ ಮೂರಡಿ, ಹನ್ನೆರಡು ಸೆಕೆಂಡ್ ನನ್ನ ಗೆರೆ. ಅದು ಬೇರೆಯವರಿಗೆ ನಿಯಮ ಅಲ್ಲ, ನಾನು ನನಗೆ ಹಾಕಿಕೊಂಡದ್ದು.

ಕೊನೆಗೆ, ದಂಡೆಯ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಕೂರ್ತೀನಿ. ಫೋನ್ ಜೇಬಲ್ಲಿ. ದೊಡ್ಡ ಗುಂಪೊಂದು ಬರೋದನ್ನು ಕಣ್ಣಾರೆ ನೋಡಬೇಕು. ಎಲ್ಲಿ ಅಲೆ ಮುರಿಯಲ್ಲ, ಎಲ್ಲಿ ನೀರು ಕಪ್ಪಾಗಿದೆ, ನೊರೆ ಎಲ್ಲಿ ಹಿಂದಕ್ಕೆ ಹರೀತಿದೆ ಅಂತ ಗುರುತು ಮಾಡ್ಕೋಬೇಕು. ಆ ಇಪ್ಪತ್ತು ನಿಮಿಷ ಅವತ್ತು ಕೂತಿದ್ದರೆ, ಕೋಡ್‌ನಲ್ಲಿ ಎಷ್ಟೇ ತಪ್ಪಿದ್ದರೂ ನಾವು ಇಳಿಯುತ್ತಿರಲಿಲ್ಲ.

ಹೀಗೆ ನೋಡಿ ವಾಪಸ್ ಬಂದ ಶನಿವಾರಗಳು ಎಷ್ಟೋ. ಮುಕ್ಕಾಲು ಗಂಟೆ ಡ್ರೈವ್ ಮಾಡಿ, ಬೋರ್ಡ್ ಕೆಳಗಿಳಿಸದೆ, ಒಂದು ಬರಿಟೋ ತಿಂದು ವಾಪಸ್. ಮೊದಮೊದಲು ಬೇಜಾರಾಗ್ತಿತ್ತು, ಈಗ ಇಲ್ಲ. ಹೆಂಡತಿಯೂ ಮತ್ತೆ ಜೊತೆಗೆ ಬರೋಕೆ ಶುರು ಮಾಡಿದ್ದಾಳೆ. ಅದಕ್ಕೆ ಒಂದು ವರ್ಷ ಹಿಡೀತು.

ಭಾಮೈದ? ಆ ಘಟನೆ ಆದಮೇಲೆ ನೀರಿನ ಹತ್ತಿರವೂ ಹೋಗಲ್ಲ ಅಂದುಕೊಂಡಿದ್ದೆ. ಈಗ ಬೆಂಗಳೂರಲ್ಲಿ ಕೆಲಸ. ಹೋದ ಡಿಸೆಂಬರ್‌ನಲ್ಲಿ ರಾತ್ರಿ ಬಸ್ ಹತ್ತಿ ಮೂಲ್ಕಿಗೆ ಹೋಗಿ, ಒಬ್ಬ ಕೋಚ್ ಹತ್ತಿರ ಸರಿಯಾಗಿ ಕಲಿಯೋಕೆ ಶುರು ಮಾಡಿದ. ಅಲ್ಲಿ ನೀರು ಬೆಚ್ಚಗೆ, ವೆಟ್‌ಸೂಟ್ ಬೇಕಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕರಾವಳಿಗೂ ಅಲೆ, ಸ್ವೆಲ್ ಮುನ್ಸೂಚನೆ ಕೊಡುತ್ತೆ ಅಂತ ಅವನಿಗೆ ನಾನೇ ತೋರಿಸಿದ್ದೆ.

ಮೊನ್ನೆ ಶುಕ್ರವಾರ ವಾಟ್ಸಾಪ್‌ನಲ್ಲಿ ಆ ಪುಟದ ಸ್ಕ್ರೀನ್‌ಶಾಟ್ ಕಳಿಸಿದ್ದ. ಎತ್ತರದ ಅಂಕಿ ಸಣ್ಣದೇ. ಅದರ ಪಕ್ಕದ 16 ಅನ್ನೋ ಅಂಕಿಗೆ ಕೆಂಪು ಸುತ್ತು ಹಾಕಿದ್ದ.

"ಭಾವ, ಈ ವಾರ ಹೋಗಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ದೆ. ಅಕ್ಕಂಗೆ ಹೇಳು."

ಹೇಳಿದೆ. ಅವಳು ಮೆಸೇಜನ್ನು ಎರಡು ಸಲ ಓದಿ, ಅಮ್ಮನಿಗೆ ಫಾರ್ವರ್ಡ್ ಮಾಡಿದಳು.